ವೀರವ್ವನ ಎಡಗಡೆಯ ಉಸಿರು

ಅಕ್ಕಿಆಲೂರಿನ ಸಂತೆ ಬಯಲಿನ ಹಿಂದಿನ ಓಣಿಗೆ ಬಂದು ರೊಟ್ಟಿ ವೀರವ್ವನ ಮನೆ ಯಾವುದು ಎಂದು ಕೇಳುವವರಿಗೆ, ಉತ್ತರ ಬರುವ ಮೊದಲೇ ಹೊಗೆ ಕಾಣುತ್ತಿತ್ತು. ಮದುವೆ ಇರಲಿ, ಬಸುರಿಯ ಕುಬಸ ಇರಲಿ, ಗೃಹಪ್ರವೇಶ ಇರಲಿ, ಖಡಕ್ ರೊಟ್ಟಿ ಬೇಕಾದವರು ವಾರ ಮೊದಲೇ ಬಂದು ಅವಳಿಗೆ ಹೇಳಿ ಹೋಗುತ್ತಿದ್ದರು. ಮನೆಯೊಳಗೆ ಗ್ಯಾಸಿನ ಒಲೆ ಇತ್ತು. ಅದು ಚಹಾಕ್ಕೆ, ಸಾರಿಗೆ. ರೊಟ್ಟಿಗೆ ಮಾತ್ರ ಹಿತ್ತಲಲ್ಲಿ ತಗಡಿನ ಕೆಳಗಿದ್ದ ಮಣ್ಣಿನ ಒಲೆಯೇ ಆಗಬೇಕು. ಗೋವಿನಜೋಳದ ಬೆಂಡು, ಹತ್ತಿಕಟ್ಟಿಗೆ, ಮೇಲೊಂದು ಸೆಗಣಿ ಕುಳ್ಳು. ಹಂಚಿನ ಕೆಳಗೆ ಉರಿ ಒಂದೇ ಸಮ ಇರದಿದ್ದರೆ ರೊಟ್ಟಿ ಒಂದು ಕಡೆ ಸೀಯುತ್ತದೆ, ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಹಸಿ ಉಳಿದದ್ದು ಖಡಕ್ ಆಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಉರಿಯನ್ನು ಒಂದೇ ಸಮ ಇಡುವುದು ಊದುಗೊಳವಿಯ ಕೆಲಸ. ಅದು ವೀರವ್ವನ ಬಲಗೈ ಪಕ್ಕ ಯಾವಾಗಲೂ ಬಿದ್ದಿರುತ್ತಿತ್ತು.

ಅವಳ ತವರು ಸವಣೂರು. ಎಲೆಬಳ್ಳಿ ತೋಟದಲ್ಲಿ ಎಲೆ ಕೊಯ್ದು ಕಟ್ಟುವವರ ಮನೆ. ಅವ್ವ ಕರೆವ್ವ ಮಗಳನ್ನು ಮೊದಲ ಸಲ ಒಲೆಯ ಮುಂದೆ ಕೂರಿಸಿದಾಗ ಎರಡು ಮಾತು ಹೇಳಿದ್ದಳು. "ಬೆಂಕಿಗೆ ಬರೇ ಬಾಯಿಲೆ ಊದಬ್ಯಾಡ, ಎಂಜಲ ಆಕ್ಕೈತಿ. ಗೊಳವಿಲೆ ಊದು" ಎಂಬುದು ಒಂದು. "ಗೊಳವಿ ಬಾಯಾಗಿದ್ದಾಗ ಉಸರು ಎಳಕೋಬ್ಯಾಡ. ಬಾಯಿ ತಗದು, ಮಾರಿ ಅತ್ತಾಗ ಮಾಡಿ ಎಳಕೊ. ಆಮ್ಯಾಲ ಊದು" ಎಂಬುದು ಇನ್ನೊಂದು. ಹುಡುಗಿ ಮೊದಲನೆಯದನ್ನು ಪಾಲಿಸಿದಳು. ಎರಡನೆಯದನ್ನು ಮರೆತು, ಗೊಳವಿಯನ್ನು ಬಾಯಲ್ಲಿಟ್ಟುಕೊಂಡೇ ಒಂದು ಸಲ ಜಗ್ಗಿ ಉಸಿರೆಳೆದಳು. ಬಿಸಿ ಬೂದಿ, ಹೊಗೆ ಎಲ್ಲ ಒಟ್ಟಿಗೆ ಗಂಟಲಿಗೆ ಇಳಿಯಿತು. ಕಣ್ಣು ಕೆಂಡವಾಗಿ, ಮುಖ ನೀಲಿಗಟ್ಟಿ, ಕೆಮ್ಮಿ ಕೆಮ್ಮಿ ನೆಲಕ್ಕೆ ಬಿದ್ದಳು. ಕರೆವ್ವ ಬೆನ್ನು ಗುದ್ದಿ ನೀರು ಕುಡಿಸಿದಳು. ಆಮೇಲೆ ಜನ್ಮದಲ್ಲಿ ಆ ತಪ್ಪು ಅವಳಿಂದ ಆಗಲಿಲ್ಲ. ಮುಖ ಪಕ್ಕಕ್ಕೆ, ಉಸಿರು ಒಳಗೆ. ಮುಖ ಮುಂದಕ್ಕೆ, ಉಸಿರು ಹೊರಗೆ. ನಿದ್ದೆಗಣ್ಣಿನಲ್ಲಿ ಒಲೆ ಹೊತ್ತಿಸಿದರೂ ತಪ್ಪುತ್ತಿರಲಿಲ್ಲ.

ಹೀಗೆ ಊದುತ್ತಲೇ ಲಗ್ನವಾಗಿ ಅಕ್ಕಿಆಲೂರಿಗೆ ಬಂದಳು, ಮಗಳು ಶೈಲಶ್ರೀಯನ್ನು ಹೆತ್ತಳು, ಬೆಳೆಸಿ ಹಿರೇಕೆರೂರಿಗೆ ಕೊಟ್ಟಳು. ಗಂಡ ಗುದ್ಲೆಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲ. ಮೈತುಂಬ ತೌಡು ಹಚ್ಚಿಕೊಂಡು ಮನೆಗೆ ಬರುವ, ಮಾತು ಕಡಿಮೆ ಆಡುವ, ಹೆಂಡತಿ ಅತ್ತರೆ ಮಾತ್ರ ಕೈಕಾಲು ಬಿಡುವ ಮನುಷ್ಯ. "ಇಕಿ ಅಳೂದು ನೋಡೂದಕಿಂತ ನೂರು ಚೀಲ ಹೊತ್ತರ ಬೇಶಿ" ಎಂದು ಗಿರಣಿಯಲ್ಲಿ ಅವನೇ ಹೇಳಿ ನಗಿಸುತ್ತಿದ್ದ.

ಈ ಸಲದ ಚಳಿಗಾಲಕ್ಕೆ ಸ್ವಲ್ಪ ಮೊದಲು ರಟ್ಟೀಹಳ್ಳಿಯ ಒಂದು ಮದುವೆಮನೆಯವರು ವೀರವ್ವನನ್ನು ಅಲ್ಲಿಗೇ ಕರೆಸಿಕೊಂಡಿದ್ದರು. ಎರಡು ದಿನದಿಂದ ಮೈ ಬಿಸಿ ಇತ್ತು. ಒಂದು ಗುಳಿಗೆ ನುಂಗಿ, ತಲೆಗೆ ಬಟ್ಟೆ ಬಿಗಿದು ಹೋದಳು. ಮಧ್ಯಾಹ್ನದ ಹೊತ್ತಿಗೆ ಎಡ ಪಕ್ಕೆಯಲ್ಲಿ ಚಾಕು ಆಡಿಸಿದ ಹಾಗಾಯಿತು. ಮುಖ ತಿರುಗಿಸಿ ಉಸಿರೆಳೆದುಕೊಂಡರೆ ಅರ್ಧಕ್ಕೇ ಕಡಿದುಹೋಯಿತು. ಇನ್ನೊಮ್ಮೆ ಎಳೆದಳು. ಅಷ್ಟೇ. ಹಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದಾಗ ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ವೀರವ್ವ ಹಿಟ್ಟಿನ ಪರಾತದ ಮೇಲೆ ಒರಗಿದ್ದಳು.

ಅವಳನ್ನು ಸೇರಿಸಿದ ಹಾನಗಲ್ಲಿನ ದವಾಖಾನೆಗೆ ಗುರುವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಎದೆಯ ಡಾಕ್ಟರು ಬರುತ್ತಿದ್ದರು. ಅವರು ಎಕ್ಸ್‌ರೇ ಹಿಡಿದು ನೋಡಿ, ಬೆನ್ನಿಗೆ ಬೆರಳಿಟ್ಟು ಬಡಿದರು. ಬಲಗಡೆ ತಬಲದ ಹಾಗೆ ಸದ್ದಾಯಿತು, ಎಡಗಡೆ ತುಂಬಿದ ಚೀಲ ಬಡಿದ ಹಾಗೆ. ನ್ಯುಮೋನಿಯ ಆಗಿ ಕೀವಿನ ನೀರು ತುಂಬಿದೆ ಎಂದರು. ಪಕ್ಕೆಲುಬಿನ ಸಂದಿಯಲ್ಲಿ ಸಣ್ಣ ನಳಿಗೆ ಹಾಕಿ ನೀರು ತೆಗೆದರು. ಆ ನೀರಿನ ಬಣ್ಣ ನೋಡಿ ಗುದ್ಲೆಪ್ಪ ಹೊರಗೆ ಹೋಗಿ ಕಂಬ ಹಿಡಿದು ನಿಂತ.

ಜ್ವರ ಇಳಿದ ಮೇಲೆ ಡಾಕ್ಟರು ಅವಳ ಹಾಸಿಗೆಯ ಪಕ್ಕ ಕೂತು ಕೇಳಿದರು: "ಏನ್ ಕೆಲಸ ಮಾಡ್ತೀರಿ?"

"ರೊಟ್ಟಿ ಬಡೀತೇನ್ರಿ."

"ಹಂಗಾರ ನಿಮಗ ಲಗೂನ ತಿಳೀತೈತಿ. ರೊಟ್ಟಿ ಉಬ್ಬಿದಾಗ ಎಷ್ಟು ಪದರ ಆಕ್ಕಾವು?"

"ಎರಡ್ರಿ. ಮ್ಯಾಲಿಂದು ತೆಳ್ಳಗ, ಕೆಳಗಿಂದು ದಪ್ಪ. ನಡುವ ಉಗಿ."

"ಪುಪ್ಪುಸದ ಹೊರಗೂ ಹಂಗ ಎರಡು ಪದರ ಅದಾವು. ಒಂದು ಪುಪ್ಪುಸಕ್ಕ ಅಂಟೈತಿ, ಒಂದು ಪಕ್ಕೆಲುಬಿಗೆ. ನಡುವ ಜಾಗಾನ ಇಲ್ಲ, ಎಣ್ಣಿ ಸವರಿದಂಗ ಒಂದೀಟು ಪಸೆ ಇರತೈತಿ, ಜಾರ್ಲಿ ಅಂತ. ನಿಮ್ಮ ಎಡಗಡಿ ಆ ನಡುವ ಕೀವು ಕುಂತಿತ್ತು. ಅದು ಕುಂತಿದ್ದಕ್ಕ ಪುಪ್ಪುಸ ಮಡಚಿಕೊಂಡು ಮೂಲಿಗೆ ಸರದೈತಿ. ನೀರು ತಗದೇವಿ. ಈಗ ಪುಪ್ಪುಸ ಮತ್ತ ಬಿಚ್ಚಬೇಕು."

"ತಾನ ಬಿಚ್ಚತೈತೇನ್ರಿ?"

"ನೀವು ಬಿಚ್ಚಿಸಬೇಕು. ದಿನಾ. ತಡಾ ಆದ್ರ ಅದರ ಮ್ಯಾಲ ಗಟ್ಟಿ ಸಿಪ್ಪಿ ಕಟ್ಟತೈತಿ. ಆಮ್ಯಾಲ ಹುಬ್ಬಳ್ಳಿಗೆ ಹೋಗಿ ಎದಿ ಕೊಯ್ದು ಆ ಸಿಪ್ಪಿ ಸುಲೀಬೇಕಾಕ್ಕೈತಿ. ಅದು ದೊಡ್ಡ ಆಪರೇಶನ್."

ಎದೆ ಕೊಯ್ಯುವುದು ಎಂಬ ಮಾತು ಬಿದ್ದ ಮೇಲೆ ವೀರವ್ವನ ಕಿವಿಗೆ ಬೇರೇನೂ ಬೀಳಲಿಲ್ಲ. ಡಾಕ್ಟರು ಒಂದು ಪ್ಲಾಸ್ಟಿಕ್ಕಿನ ಸಾಮಾನು ಬರೆದುಕೊಟ್ಟು, ಅದನ್ನು ಹೇಗೆ ಮಾಡಬೇಕೆಂದು ಬಾಯಿಂದ ಹೇಳಿ, ಮುಂದಿನ ಹಾಸಿಗೆಗೆ ಹೋದರು. ಅವಳು ಹಿಡಿದುಕೊಂಡದ್ದು ಕೊನೆಯ ಮಾತು ಒಂದೇ: "ಮೂರೂ ಗುಂಡು ಮ್ಯಾಲ ಏಳಬೇಕು." ಔಷಧಿ ಅಂಗಡಿಯವನು ಡಬ್ಬಿಯನ್ನು ಚೀಲಕ್ಕೆ ಹಾಕಿ, "ಪೈಪು ಬಾಯಾಗ ಇಟಗೊಂಡು ಜೋರ ಮಾಡ್ರಿ" ಎಂದ. ಅಲ್ಲಿ ಗಿರಾಕಿಗಳ ನೂಕುನುಗ್ಗಲು ಇತ್ತು.

ಮನೆಗೆ ಬಂದು ಡಬ್ಬಿ ಒಡೆದರು. ಮೂರು ಪಾರದರ್ಶಕ ಕೊಳವೆ ಒಂದರ ಪಕ್ಕ ಒಂದು ನಿಂತಿದ್ದವು. ಒಂದೊಂದರ ಬುಡದಲ್ಲಿ ಒಂದೊಂದು ಬಣ್ಣದ ಹಗುರ ಗುಂಡು. ಪಕ್ಕದಿಂದ ಸುರುಳಿ ಸುರುಳಿಯಾದ ಪೈಪು, ಅದರ ತುದಿಗೆ ಬಾಯಲ್ಲಿ ಇಡುವ ತುಂಡು. ವೀರವ್ವ ಅದನ್ನು ಕಂಡ ಕೂಡಲೇ ಸ್ವಲ್ಪ ಧೈರ್ಯ ತಂದುಕೊಂಡಳು. ಪೈಪು ಬಾಯಲ್ಲಿಟ್ಟು ಮಾಡುವ ಕೆಲಸ ಅವಳಿಗೆ ಹೊಸದೇ? ಮುಖ ಪಕ್ಕಕ್ಕೆ ತಿರುಗಿಸಿ, ಆದಷ್ಟು ಉಸಿರೆಳೆದುಕೊಂಡು, ಪೈಪು ಬಾಯಿಗೆ ಕೊಟ್ಟು ಊದಿದಳು.

ಗುಂಡುಗಳು ಮಿಸುಕಲಿಲ್ಲ.

ಮತ್ತೆ ಊದಿದಳು. ಕೆನ್ನೆ ಉಬ್ಬಿತು, ಕಿವಿಯಲ್ಲಿ ಗುಂಯ್ ಎಂದಿತು, ಪಕ್ಕೆಯ ಗಾಯ ಜಗ್ಗಿತು. ಮೂರೂ ಗುಂಡು ತತ್ತಿಯ ಮೇಲೆ ಕೂತ ಕೋಳಿಯ ಹಾಗೆ ಕೂತಲ್ಲೇ ಕೂತವು. ಮುಂಜಾನೆ ಊದಿದಳು, ಊಟದ ಮೊದಲು ಊದಿದಳು, ದೀಪ ಹಚ್ಚಿ ವಿಭೂತಿ ಹಚ್ಚಿಕೊಂಡು ಮತ್ತೆ ಊದಿದಳು. ಜನ್ಮವೆಲ್ಲ ಹಸಿ ಕಟ್ಟಿಗೆಗೂ ಉರಿ ಎಬ್ಬಿಸಿದವಳಿಗೆ ಬೆಂಡಿನಷ್ಟು ಭಾರವಿಲ್ಲದ ಗುಂಡು ಏಳುತ್ತಿಲ್ಲ ಎಂದರೆ ಒಳಗೆ ಉಸಿರೇ ಉಳಿದಿಲ್ಲ ಎಂದಲ್ಲವೇ? ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ.

ಬೇಲಿಯಾಚೆಯ ಮನೆಯ ಇಮಾಮಬಿ ದಿನಕ್ಕೊಮ್ಮೆ ಬಂದು ಕೂರುತ್ತಿದ್ದಳು. ಇಬ್ಬರಿಗೂ ಇಪ್ಪತ್ತು ವರ್ಷದ ಸ್ನೇಹ. ವೀರವ್ವ ಊದುವುದನ್ನು ನೋಡಿ ಅವಳೂ ಕೆನ್ನೆ ಉಬ್ಬಿಸುತ್ತಿದ್ದಳು.

"ಅಕ್ಕಾ, ಒಂದು ಮಾತು ಹೇಳ್ತೇನಿ. ನೀ ಶಿವಪೂಜಿ ಮಾಡಾಕಿ, ಮೂಗು ಮುರೀಬ್ಯಾಡ ಮತ್ತ."

"ಹೇಳು, ಮೂಗಿನ್ಯಾಗ ಎಲ್ಲಿ ತಾಕತ್ತೈತಿ ಮುರಿಯಾಕ."

"ಸಣ್ಣಾಕಿದ್ದಾಗ ನಮ್ಮಣ್ಣ ಉಸ್ಮಾನಸಾಬ ಬಕರೀದಕ್ಕ ಕೊಯ್ದ ಆಡಿನ ಪುಪ್ಪುಸ ತೊಳಿಯೂ ಮುಂದ ನಮಗ ಆಟಕ್ಕ ಕೊಡ್ತಿದ್ದ. ಅದರ ಗಾಳಿ ನಾಳ ಐತಲ್ಲ, ಸುತ್ತ ಬಳಿ ಬಳಿ ಇರತಾವು, ನಿನ್ನ ಕೈಯಾನ ಬಳಿ ಪೇರಿಸಿದಂಗ. ಅದಕ್ಕ ಬಾಯಿ ಹಚ್ಚಿ ಊದಿದ್ರ ಯವ್ವಾ, ಮುದುಡಿ ಬಿದ್ದಿದ್ದು ಗುಲಾಬಿ ಬಣ್ಣಕ್ಕ ಬಂದು ಹಿಂಗ ಉಬ್ಬತಿತ್ತು, ಥೇಟ್ ನಿನ್ನ ರೊಟ್ಟಿ. ಹಂಗ ನಿಂದೂ ಬಿಚ್ಚತೈತಿ. ಊದು, ಬಿಡಬ್ಯಾಡ."

ವೀರವ್ವ ಸೆರಗನ್ನು ಮೂಗಿಗೆ ಒತ್ತಿಕೊಂಡು "ಸಾಕು ಮಾಡ" ಎಂದಳು. ಆದರೆ ಮಾತು ಒಳಗೆ ಇಳಿಯಿತು. ಊದಿದರೆ ಉಬ್ಬುತ್ತದೆ. ಕಣ್ಣಾರೆ ಕಂಡವಳ ಮಾತು. ತಾನು ಸಾಕಷ್ಟು ಊದುತ್ತಿಲ್ಲ, ಅಷ್ಟೇ.

ಒಂದು ಸಂಜೆ ಗುದ್ಲೆಪ್ಪ ಗಿರಣಿಯಿಂದ ಬಂದಾಗ ಅವಳು ಪಡಸಾಲೆಯ ಗೋಡೆಗೆ ಒರಗಿ, ಆ ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದಳು. ಅಳುವುದಕ್ಕೂ ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದಳು.

"ಏಳವಲ್ಲವೇನು?"

"ಏಳವಲ್ಲವು. ನನ್ನ ಎದಿ ಕೊಯ್ಯೂದು ಖರೇ ಐತಿ, ನೀವು ಸುಮ್ಮನ ನನಗ ಹೇಳವಲ್ರಿ."

"ಯಾರ ಹೇಳಿದ್ರು? ಕೊಡಿಲ್ಲೆ." ಗುದ್ಲೆಪ್ಪ ಕೈ ಒರೆಸಿಕೊಂಡು ಸಾಮಾನು ತೆಗೆದುಕೊಂಡ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಿರಣಿಯಲ್ಲಿ ಭತ್ತ ಇಳಿಯುವ ಕೊಳವೆ ಕಟ್ಟಿಕೊಂಡರೆ ಹೀಗೇ ಮಾಡುವುದು. ಬಡಿಯುವುದು, ಬಾಯಿ ಕೆಳಗೆ ಮಾಡುವುದು. "ಏನರ ಸಿಕ್ಕೊಂಡಿರಬೇಕು" ಎಂದು ಅದನ್ನು ಬುಡ ಮೇಲೆ ಮಾಡಿದ. ಗುಂಡುಗಳು ಟಕ್ ಟಕ್ ಎಂದು ಇನ್ನೊಂದು ತುದಿಗೆ ಬಿದ್ದವು. ಹಾಗೇ ತಲೆಕೆಳಗಾಗಿ ಅವಳ ಮುಂದೆ ಹಿಡಿದ. "ಈಗ ಊದು."

ಊದಿದಳು. ಮೊದಲನೆಯ ಗುಂಡು ಜಿಗಿದು ಮೇಲೇರಿತು. ಎರಡನೆಯದು ನಡುಗುತ್ತ ಅದರ ಹಿಂದೆ ಹೋಯಿತು. ಇನ್ನಷ್ಟು ಒತ್ತಿ ಊದಿದಾಗ ಮೂರನೆಯದೂ ಎದ್ದು ಮೇಲೆ ನಿಂತಿತು.

"ಅದ ನೋಡು!" ಎಂದ ಗುದ್ಲೆಪ್ಪ. ಅವನ ಹುಬ್ಬಿನ ತೌಡು ನೆಲಕ್ಕೆ ಉದುರಿತು. "ಮಾಲು ಉಲ್ಟಾ ಇತ್ತು, ನಿನ್ನ ಉಸರು ಅಲ್ಲ." ವೀರವ್ವ ಅಳುತ್ತಲೇ ನಕ್ಕಳು. ಹೊಸ ಮದುಮಗಳ ಹಾಗೆ ನಕ್ಕಳು ಎಂದು ಬೇಲಿಯಾಚೆಯಿಂದ ಇಮಾಮಬಿ ಕೂಗಿ ಹೇಳಿದಳು. ಹಿರೇಕೆರೂರಿನ ಮಗಳಿಗೆ ಫೋನಿನಲ್ಲಿ ತೋರಿಸಿದರು. ಶೈಲಶ್ರೀ ಚಪ್ಪಾಳೆ ತಟ್ಟಿದಳು.

ಅಂದಿನಿಂದ ಮೂರೂ ಗುಂಡು ತಪ್ಪದೆ ಏಳುತ್ತಿದ್ದವು. ಆದರೆ ಅವಳಿಗೆ ಮಾತ್ರ ಆರಾಮ ಕಾಣಲಿಲ್ಲ. ಬಾವಿಕಟ್ಟೆಯಿಂದ ಮನೆಗೆ ಬರುವಷ್ಟರಲ್ಲಿ ನಿಲ್ಲಬೇಕು. ಎಡ ಮಗ್ಗುಲಾಗಿ ಮಲಗಿದರೆ ಉಸಿರು ಕಟ್ಟುವುದು. ಸೀರೆ ಉಡುವಾಗ ಬಗ್ಗಿದರೆ ಕಣ್ಣಿಗೆ ಕತ್ತಲೆ. ಊದಿದ ಮೇಲಂತೂ ತಲೆ ತಿರುಗಿ ಗೋಡೆ ಹಿಡಿದು ಕೂರಬೇಕು. "ಗಾಯ ಮಾಯೂ ಮುಂದ ಕೆರೀತೈತಲ್ಲ, ಹಂಗ ಇದು" ಎಂದು ಗುದ್ಲೆಪ್ಪ ಹೇಳುತ್ತಿದ್ದ. ಅವಳಿಗೂ ಹಾಗೇ ಇರಲಿ ಎನ್ನಿಸುತ್ತಿತ್ತು. ಗುಂಡು ಸುಳ್ಳು ಹೇಳುತ್ತದೆಯೇ?

ಡಾಕ್ಟರು ಹೇಳಿದ ಗುರುವಾರ ಇಬ್ಬರೂ ಹಾನಗಲ್ಲಿಗೆ ಹೋದರು. ಹೊಸ ಎಕ್ಸ್‌ರೇ ತೆಗೆದರು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಪಕ್ಕದಲ್ಲಿ ನಿಂತ ನರ್ಸ್ ಪೂಜಾ ಕೂಡ ಕತ್ತು ಚಾಚಿ ನೋಡಿದಳು. ಎರಡರಲ್ಲೂ ಎಡಗಡೆಯ ಕೆಳಗೆ ಅದೇ ಬಿಳಿ ಮಬ್ಬು.

"ನೀವು ಎಕ್ಸರ್‌ಸೈಜ್ ಮಾಡೇ ಇಲ್ಲ" ಎಂದರು ಡಾಕ್ಟರು.

ವೀರವ್ವನಿಗೆ ಮೈ ಉರಿದುಹೋಯಿತು. "ದಿನಾ ಮಾಡೇನ್ರಿ. ತಪ್ಪಿಸಿಲ್ಲ. ಮೂರೂ ಏಳತಾವು. ಓಣಿ ಮಂದಿನ್ನ ಕೇಳ್ರಿ."

"ಮೂರೂ ಏಳತಾವಾ? ತೋರಸ್ರಿ."

ಅವಳು ಚೀಲದಿಂದ ಸಾಮಾನು ತೆಗೆದಳು. ಬುಡ ಮೇಲೆ ಮಾಡಿದಳು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರೆಳೆದು, ಪೈಪು ಬಾಯಿಗೆ ಕೊಟ್ಟು ಊದಿದಳು. ಮೂರೂ ಎದ್ದವು. ಕಣ್ಣಲ್ಲಿ ಗೆದ್ದ ಬೆಳಕು ಇಟ್ಟುಕೊಂಡು ಡಾಕ್ಟರ ಕಡೆ ನೋಡಿದಳು.

ಪೂಜಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ನಗುವುದಕ್ಕಲ್ಲ.

"ಇದನ್ನ ಹಿಂಗ ತಿರುವಿ ಹಿಡಿ ಅಂತ ಯಾರು ಹೇಳಿಕೊಟ್ರು?" ಡಾಕ್ಟರ ದನಿ ಸಣ್ಣದಾಗಿತ್ತು. ಸಿಟ್ಟಿಗಿಂತ ಅದೇ ಹೆಚ್ಚು ಹೆದರಿಸಿತು.

ಬಾಗಿಲ ಹತ್ತಿರ ನಿಂತಿದ್ದ ಗುದ್ಲೆಪ್ಪ ಹೆಗಲ ಮೇಲಿನ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನು ಬಾಯಿ ತೆರೆಯುವ ಮೊದಲೇ ವೀರವ್ವ ಹೇಳಿದಳು: "ಯಾರೂ ಇಲ್ರಿ. ನಾನ ತಿರುವಿ ನೋಡಿದೆ. ಎದ್ದವು, ಹಂಗ ಮಾಡಿದೆ."

ಪೂಜಾ ಒಂದು ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತಳು. ಹಿರೇಕೆರೂರು ಕಡೆಯ ಹುಡುಗಿ, ಮಾತಿನಲ್ಲಿ ಮಣ್ಣಿನ ವಾಸನೆ ಇತ್ತು. "ಅವ್ವಾರ, ಇದು ಊದೂದಲ್ಲ. ಎಳಿಯೂದು. ನೆಟ್ಟಗ ಹಿಡದು, ಪೈಪು ಬಾಯಾಗ ಇಟಗೊಂಡು, ಕಬ್ಬಿನ ಹಾಲು ಪೈಪಿಲೆ ಎಳೀತೀರಲ್ಲ, ಹಂಗ ಎಳೀಬೇಕು. ಎಳದಾಗ ಗುಂಡು ಏಳಬೇಕು."

"ಎಳದ್ರ ಪುಪ್ಪುಸ ಹೆಂಗ ಉಬ್ಬತೈತಿ ಯವ್ವಾ? ಬಕರಿದು ಊದಿದ್ರ ಉಬ್ಬತೈತಂತ, ಕಂಡವರ ಹೇಳ್ಯಾರ."

"ಬಕರಿದಕ್ಕ ಹೊರಗಿನವರು ಊದತಾರ. ನಿಮ್ಮದಕ್ಕ ಊದೋರು ಯಾರ್ರಿ? ನೀವು ಊದಿದಾಗೆಲ್ಲ ನಿಮ್ಮ ಒಳಗಿಂದ ಗಾಳಿ ಹೊರಗ ಹೋತು. ತುಂಬಬೇಕಾಗಿದ್ದನ್ನ ಬರಿದು ಮಾಡಿದ್ರಿ."

ವೀರವ್ವನ ಕೈಯಲ್ಲಿದ್ದ ಸಾಮಾನು ಮೆಲ್ಲಗೆ ತೊಡೆಯ ಮೇಲೆ ಕೂತಿತು.

ಪೂಜಾ ಬಿಡದೆ ಬಿಡಿಸಿ ಹೇಳಿದಳು. ಗಾಳಿ ಮೂಗಿನಲ್ಲಿ ಬೆಚ್ಚಗಾಗಿ, ಧೂಳನ್ನು ಅಲ್ಲಿನ ಕೂದಲಿಗೆ ಬಿಟ್ಟು ಗಂಟಲಿಗೆ ಬರುತ್ತದೆ. ಹಿಂದೆ ಅನ್ನದ ನಾಳ, ಮುಂದೆ ಗಾಳಿಯ ನಾಳ. ನುಂಗುವಾಗ ಗಾಳಿಯ ನಾಳಕ್ಕೆ ಒಂದು ಮುಚ್ಚಳ ಬೀಳುತ್ತದೆ. ಎದೆಯಲ್ಲಿ ಅದು ಎರಡು ಟೊಂಗೆ ಒಡೆಯುತ್ತದೆ. ಬಲಗಡೆಯ ಪುಪ್ಪುಸಕ್ಕೆ ಮೂರು ಭಾಗ, ಎಡಗಡೆಯದಕ್ಕೆ ಎರಡೇ, ಯಾಕೆಂದರೆ ಆ ಕಡೆ ಗುಂಡಿಗೆಗೆ ಜಾಗ ಬಿಡಬೇಕು. ಟೊಂಗೆಗೆ ಟೊಂಗೆ ಒಡೆದು ಒಡೆದು ತುದಿಯಲ್ಲಿ ಸಾಬೂದಾಣಿಗಿಂತ ಎಷ್ಟೋ ಸಣ್ಣ ಗುಳ್ಳೆಗಳು, ಲೆಕ್ಕಕ್ಕೆ ಸಿಗದಷ್ಟು. ಒಂದೊಂದು ಗುಳ್ಳೆಯ ಸುತ್ತ ಕೂದಲಿಗಿಂತ ತೆಳುವಾದ ರಕ್ತದ ಎಳೆಗಳು. ಒಳ್ಳೆಯ ಗಾಳಿಯನ್ನು ರಕ್ತ ಅಲ್ಲಿ ತೆಗೆದುಕೊಳ್ಳುತ್ತದೆ, ಕೆಟ್ಟದ್ದನ್ನು ಅಲ್ಲೇ ಬಿಟ್ಟುಕೊಡುತ್ತದೆ.

"ಪುಪ್ಪುಸಕ್ಕ ತನ್ನದು ಅನ್ನೂ ತಾಕತ್ತಿಲ್ರಿ ಅವ್ವಾರ. ಹೊಟ್ಟಿಗೂ ಎದಿಗೂ ನಡುವ ಒಂದು ಮಾಂಸದ ಪರದೆ ಐತಿ. ಅದು ಕೆಳಗ ಇಳದಾಗ, ಪಕ್ಕೆಲುಬು ಅಗಲಾದಾಗ, ಒಳಗ ಜಾಗ ಆಗಿ ಪುಪ್ಪುಸ ಬಿಚ್ಚತೈತಿ, ಗಾಳಿ ತಾನ ಬರತೈತಿ. ಎಳಿಯೂದ ಕೆಲಸ. ಬಿಡೂದು ಏನೂ ಕೆಲಸಲ್ಲ, ಕೈ ಬಿಟ್ರ ಸೆರಗು ಜಾರಿದಂಗ."

ಇಡೀ ಜನ್ಮ ವೀರವ್ವ ಬಿಡುವುದನ್ನೇ ಕೆಲಸ ಎಂದುಕೊಂಡಿದ್ದಳು. ಎಳೆದುಕೊಳ್ಳುವುದು ಕೆಲಸಕ್ಕೆ ಮೊದಲು ಮುಖ ತಿರುಗಿಸಿ ಮಾಡುವ ಸಣ್ಣ ಚಾಕರಿ.

ಸಾಮಾನನ್ನು ನೆಟ್ಟಗೆ ಹಿಡಿಸಿ "ಎಳೀರಿ" ಎಂದಳು ಪೂಜಾ. ವೀರವ್ವ ಬಾಯಿಗೆ ಇಟ್ಟುಕೊಂಡಳು. ಎಳೆಯಬೇಕು ಎಂದು ಮನಸ್ಸು ಹೇಳಿತು. ಮೈ ಒಪ್ಪಲಿಲ್ಲ. ಪೈಪು ಬಾಯಲ್ಲಿದ್ದಾಗ ಎಳೆಯಬಾರದು ಎಂಬುದು ಈಗ ಅವ್ವನ ಮಾತಾಗಿ ಉಳಿದಿರಲಿಲ್ಲ, ಮೈಯ ಗುಣವೇ ಆಗಿತ್ತು. ಮೂರು ಸಲ ಅವಳ ಮುಖ ತಾನಾಗಿ ಪಕ್ಕಕ್ಕೆ ತಿರುಗಿತು. ಮೂರು ಸಲವೂ ಪೂಜಾ ಗಲ್ಲ ಹಿಡಿದು ಮುಂದಕ್ಕೆ ತಂದಳು. ನಾಲ್ಕನೆಯ ಸಲ ಎಳೆದಾಗ ಬರೀ ಗಾಳಿಯೇ ಬಂದರೂ ಬೂದಿ ನುಂಗಿದವಳಂತೆ ಕೆಮ್ಮಿದಳು. ಮೊದಲನೆಯ ಗುಂಡು ಒಂದು ಬೆರಳು ಎತ್ತರ ಎದ್ದು ಬಿತ್ತು.

ಡಾಕ್ಟರು ಚೀಟಿ ಬರೆಯುತ್ತ ಹೇಳಿದರು: "ಸಿಪ್ಪಿ ಗಟ್ಟಿ ಆಗಾಕತ್ತೈತಿ. ಇನ್ನೊಂದು ಹತ್ತು ದಿನ ಸರಿಯಾಗಿ ಮಾಡ್ರಿ. ಎಡಗಡಿ ಎದ್ರ ಛಲೋ. ಏಳಲಿಲ್ಲಂದ್ರ ಗುರುವಾರದ ದಾರಿ ಕಾಯಬ್ಯಾಡ್ರಿ, ನೆಟ್ಟಗ ಹುಬ್ಬಳ್ಳಿಗೆ ಬರ್ರಿ. ತಡಾ ಮಾಡಿದಷ್ಟೂ ಸುಲಿಯೂದು ಕಠಿಣ. ಆಮ್ಯಾಲ ಅದು ಸುಲಿಯಾಕೂ ಬರಂಗಿಲ್ಲ, ಅಷ್ಟು ಪುಪ್ಪುಸ ಹೋದಂಗ."

ಎದ್ದದ್ದು ತಿಳಿಯುವುದು ಹೇಗೆ ಎಂದು ಕೇಳಿದಳು. ಪೂಜಾ ಗುದ್ಲೆಪ್ಪನನ್ನು ಕರೆದಳು. ವೀರವ್ವನ ಬೆನ್ನ ಹಿಂದೆ ನಿಲ್ಲಿಸಿ, ಅವನ ಎರಡೂ ಅಂಗೈಯನ್ನು ಅವಳ ಪಕ್ಕೆಲುಬಿನ ಕೆಳಭಾಗಕ್ಕೆ ಹಚ್ಚಿಸಿ, ಹೆಬ್ಬೆರಳೆರಡೂ ಬೆನ್ನೆಲುಬಿನ ಮೇಲೆ ಕೂಡುವಂತೆ ಇಡಿಸಿದಳು. "ಅಕಿ ಉಸರು ಎಳದಾಗ ಎರಡೂ ಹೆಬ್ಬೆಟ್ಟು ಒಂದರಿಂದ ಒಂದು ದೂರ ಸರೀಬೇಕ್ರಿ ಅಪ್ಪಾರ. ಈಗ ನೋಡ್ರಿ, ಬಲಗಡಿದು ಸರೀತು. ಎಡಗಡಿದು ಅಲ್ಲೇ ಐತಿ. ದಿನಾ ಹಿಂಗ ನೋಡಿ ಅಕಿಗೆ ಹೇಳ್ರಿ. ಅಕಿಗೆ ತನ್ನ ಬೆನ್ನು ಕಾಣಂಗಿಲ್ಲ."

ಬಸ್ಸಿನಲ್ಲಿ ಗುದ್ಲೆಪ್ಪ ಕಿಟಕಿಯ ಹೊರಗೇ ನೋಡಿದ. ಊರು ಹತ್ತಿರ ಬಂದಾಗ ಕೇಳಿದ: "ಯಾಕ ಸುಳ್ಳ ಹೇಳಿದಿ ಅಲ್ಲೆ?"

"ಏನ್ ಹೇಳಬೇಕಿತ್ತು? ಮಂದಿ ಮುಂದ ನಿಮ್ಮನ್ನ ಬೈಸಬೇಕಿತ್ತೇನು?"

"ಬೈದಿದ್ರ ಬೈಸಿಕೊಳ್ತಿದ್ದೆ" ಎಂದ.

ಅಂದಿನಿಂದ ವೀರವ್ವ ಎಳೆಯುವುದನ್ನು ಕಲಿತಳು. ಅರವತ್ತರ ಹತ್ತಿರ ಬಂದವಳು ಕೂಸಿನ ಹಾಗೆ ಕಲಿತಳು. ಮುಖ ತಿರುಗಬಾರದೆಂದು ಗೋಡೆಯ ಮೂಲೆಗೆ ಕೆನ್ನೆ ಆನಿಸಿ ಕೂತಳು. ಇಮಾಮಬಿ ಎದುರು ಕೂತು ತಾನೂ ತುಟಿ ಮುಂದೆ ಮಾಡಿ ಎಳೆಯುತ್ತಿದ್ದಳು. "ನನ್ನ ಬಕರಿ ಕತಿಯಿಂದ ನಿನಗ ಹಿಂಗಾತು" ಎಂದು ಅವಳು ಒಂದೇ ಸಮ ಹಳಹಳಿಸಿದಾಗ ವೀರವ್ವ "ಹೋಗ ನಿನ್ನ, ಬಕರಿ ಏನ್ ಮಾಡೀತು" ಎಂದು ಬಾಯಿ ಮುಚ್ಚಿಸಿದಳು. ಮೊದಲ ಗುಂಡು ಎದ್ದು ನಿಲ್ಲಲು ಕಲಿಯಿತು. ಎರಡನೆಯದು ಏಳುವುದು, ಬೀಳುವುದು. ಮೂರನೆಯದು ತಿರುಗಿಯೂ ನೋಡಲಿಲ್ಲ.

ಪ್ರತಿ ಸಂಜೆ ಗುದ್ಲೆಪ್ಪ ಕೈ ತೊಳೆದು ಬಂದು ಅವಳ ಬೆನ್ನ ಹಿಂದೆ ಕೂರುತ್ತಿದ್ದ. ಅಂಗೈ ಹಚ್ಚಿ, ಹೆಬ್ಬೆರಳು ಕೂಡಿಸಿ, "ಹೂಂ" ಎನ್ನುತ್ತಿದ್ದ. ಅವಳು ಎಳೆಯುತ್ತಿದ್ದಳು.

"ಸರೀತೇನ್ರಿ?"

"ಸರೀತು."

"ಎಡಗಡಿದೂ?"

"ಒಂದೀಟು. ನಿನ್ನೀಗಿಂತ ಛಲೋ ಐತಿ."

ಅವಳಿಗೆ ಬೆನ್ನು ಕಾಣುವುದಿಲ್ಲ ಎಂಬುದು ನಿಜ. ಆದರೆ ಬೆನ್ನಿನ ಮೇಲಿದ್ದ ಕೈಗಳು ಗೊತ್ತಾಗುತ್ತಿದ್ದವು. ಮೂವತ್ತೈದು ವರ್ಷ ಚೀಲ ಹೊತ್ತ ಒರಟು ಕೈ. ಬಲಗೈ ಅವಳ ಉಸಿರಿನೊಡನೆ ಹೊರಳುತ್ತಿತ್ತು. ಎಡಗೈ ಗೋಡೆಗೆ ಇಟ್ಟ ಕೈಯ ಹಾಗೆ ಸುಮ್ಮನೆ ಇತ್ತು. ಒಂದು ಸಂಜೆ ಅವಳಿಗೆ ಇನ್ನೊಂದು ತಿಳಿಯಿತು. ಉಸಿರೆಳೆಯುವಾಗ ಆ ಎಡಗೈಯ ಹೆಬ್ಬೆರಳನ್ನು ಅವನೇ ಮೆಲ್ಲಗೆ ಆಚೆ ಜಾರಿಸುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಅವಳಿಗೆ ಕಾಣುತ್ತಲೂ ಇರಲಿಲ್ಲ. ಆದರೂ ಜಾರಿಸುತ್ತಿದ್ದ, ತನಗೆ ತಾನೇ ತೋರಿಸಿಕೊಳ್ಳುವವನ ಹಾಗೆ.

ಅವಳಿಗೆ ಸಿಟ್ಟು ಬರಲಿಲ್ಲ. ಹೆದರಿಕೆ ಬಂತು. ದವಾಖಾನೆಯಲ್ಲಿ ತಾನು ಅವನಿಗಾಗಿ ಒಂದು ಸುಳ್ಳು ಹೇಳಿದೆ. ಇಲ್ಲಿ ಅವನು ತನಗಾಗಿ ದಿನಕ್ಕೊಂದು ಹೇಳುತ್ತಿದ್ದಾನೆ. ನಡುವೆ ಸಿಪ್ಪೆ ಮಾತ್ರ ಯಾರ ಮುಲಾಜೂ ಇಲ್ಲದೆ ಗಟ್ಟಿಯಾಗುತ್ತಿದೆ.

ಮರುದಿನ ಸಂಜೆ ಅವನು ಬಂದು ಕೂತು ಅಂಗೈ ಹಚ್ಚಿದಾಗ ಅವಳು ಉಸಿರೆಳೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ರೀ, ಅವತ್ತು ಆ ಸಾಮಾನು ತಿರುವಿದಾಗ ನೀವು ನನ್ನ ಅಳು ನಿಲ್ಲಿಸಾಕ ತಿರುವಿದ್ರಿ. ನನಗ ಗೊತ್ತೈತಿ. ಇವತ್ತು ನಾ ಅಳಂಗಿಲ್ಲ. ನೀವು ಏನ ಹೇಳಿದ್ರೂ ಅಳಂಗಿಲ್ಲ. ಬೆರಳು ಜಾರಿಸಬ್ಯಾಡ್ರಿ."

ಅವನು ಬೆನ್ನ ಮೇಲಿನ ಕೈಗಳನ್ನು ತೆಗೆಯಲು ಹೋದ.

"ತಗೀಬ್ಯಾಡ್ರಿ. ಗಟ್ಟಿ ಹಿಡೀರಿ. ನಾ ಎಳೀತೇನಿ, ನೀವು ಇದ್ದದ್ದು ಇದ್ದಂಗ ಹೇಳ್ರಿ."

ಪಕ್ಕೆಯ ಗಾಯ ಬಿರಿಯುತ್ತದೇನೋ ಎನ್ನುವಷ್ಟು ಎಳೆದಳು. ಪೂಜಾ ಹೇಳಿದ ಪರದೆ ಕೆಳಗಿಳಿಯುವುದನ್ನು, ಬಲ ಪಕ್ಕೆ ಅಗಲವಾಗುವುದನ್ನು, ಗಾಳಿ ತಾನಾಗಿ ಬಂದು ಆ ಕಡೆ ತುಂಬುವುದನ್ನು ಅವಳು ಮೊದಲ ಸಲ ಪೂರಾ ಅರಿತಳು. ತುಂಬಿದ ಮೇಲೆ ಹಿಡಿದುಕೊಂಡಳು. ಕಾದಳು.

ಗುದ್ಲೆಪ್ಪನ ದನಿ ಅವಳ ಹೆಗಲ ಹಿಂದಿನಿಂದ ಬಂತು.

"ಬಲಗಡಿದು ಸರೀತು. ಎಡಗಡಿದು ಇಲ್ಲ."

"ನಿನ್ನೆ?"

"ನಿನ್ನೇನೂ ಇಲ್ಲ. ಮೊದಲಿನ ದಿನದಿಂದ ಇಲ್ಲ, ವೀರವ್ವ."

ಅವಳು ಹಿಡಿದ ಉಸಿರನ್ನು ಬಿಟ್ಟಳು. ಹೇಳಿದ ಹಾಗೆ ಅಳಲಿಲ್ಲ. ಗೋಡೆ ಹಿಡಿದು ಎದ್ದು ನಿಂತಳು, ನಿಂತು ಸುಧಾರಿಸಿಕೊಂಡಳು. ಗುದ್ಲೆಪ್ಪ ಕೂತಲ್ಲೇ ಕೂತಿದ್ದ, ಎರಡೂ ಕೈ ಗಾಳಿಯಲ್ಲಿ ಹಾಗೇ ಅಗಲವಾಗಿ ಉಳಿದಿದ್ದವು.

"ನಾಳೆ ಗಿರಣಿಗೆ ಬರಂಗಿಲ್ಲ ಅಂತ ಹೇಳಿ ಬರ್ರಿ" ಎಂದಳು. "ಹುಬ್ಬಳ್ಳಿಗೆ ಹೋಗೂಣು. ಕೊಯ್ಯೂದಿದ್ರ ಕೊಯ್ಯಲಿ. ಇನ್ನ ಒಂದು ದಿನಾನೂ ಕಾಯೂದು ಬ್ಯಾಡ."